ಎಲ್ಲರಿಗೂ ಮೊದಲ ವೀಳ್ಯ

ಆ ಕೋಣೆಯಲ್ಲಿ ಏಸಿ ಇತ್ತೋ ಇಲ್ಲವೋ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಇತ್ತು, ಬಾಗಿಲಲ್ಲಿ ನಿಂತರೆ ತೋಳಿನ ಮೇಲೆ ತಣ್ಣನೆಯ ಗಾಳಿ ಬೀಳುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಗೊತ್ತಿರದಿದ್ದ ಆ ಕಾಲದಲ್ಲಿ, ಕಾಯಿತುರಿ ಒಣಗಿಸುವ ಯಂತ್ರಕ್ಕಲ್ಲದೆ ಬೇರೆ ಯಾವುದಕ್ಕೂ ಜನರೇಟರ್ ಹಾಕಲು ಒಪ್ಪದಿದ್ದ ನಮ್ಮ ಯಜಮಾನರು ಒಬ್ಬ ಉದ್ಯೋಗಿಯ ಕೋಣೆಗೆ ಏಸಿ ಹಾಕಿಸಿದ್ದರೇ? ಬಹುಶಃ ಅದು ಬರೀ ಫ್ಯಾನು. ನನಗೆ ಬೇಕಾಗಿದ್ದ ಕೋಣೆಯಾದ್ದರಿಂದ ನನ್ನ ನೆನಪೇ ಅದಕ್ಕೆ ಏಸಿ ಹಾಕಿಸಿರಬೇಕು.

ಫ್ಯಾಕ್ಟರಿ ಇದ್ದದ್ದು ತಿಪಟೂರಿನ ಹೊರಗೆ. ತೆಂಗಿನಕಾಯಿಯ ಚಿಪ್ಪು ಬಿಡಿಸಿ, ಕಂದು ಸಿಪ್ಪೆ ಹೆರೆದು, ತುರಿದು, ಒಣಗಿಸಿ, ಬಿಸ್ಕತ್ತು ಮಾಡುವವರಿಗೆ ಚೀಲ ಕಟ್ಟಿ ಕಳಿಸುವ ಕೆಲಸ. ಊರಿನವರಿಗೆ ಇದರ ಮೇಲೆ ಅಂಥ ಗೌರವವಿರಲಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವ ಜನ ಅವರು. ಇವತ್ತಿನ ಕಾಯಿ ಇವತ್ತೇ ಪುಡಿಯಾಗುವುದು ಅವರ ಕಣ್ಣಿಗೆ ಅವಸರಗೇಡಿಗಳ ಕಸುಬು.

ಆ ಕಾಯಿಯನ್ನು ತರಿಸುವುದು ನನ್ನ ಕೆಲಸವಾಗಿತ್ತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹೀಗೆ ಮೂರು ಕಡೆ ಮೂವರು ಏಜೆಂಟರಿದ್ದರು. ಸುತ್ತಲಿನ ತೋಟಗಳಿಂದ ಕಾಯಿ ಕೊಂಡು, ಸುಲಿಸಿ, ಲಾರಿಗೆ ತುಂಬಿ ಕಳಿಸುವವರು. ಬೆಳಿಗ್ಗೆ ನಾನು ಹೋಗಿ ಕೂರುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿರುತ್ತಿತ್ತು. "ಇವತ್ತೆಷ್ಟು ಲೋಡು ಬುಡ್ಲಿ ತಾಯಿ?" ಯಾರಿಗೆ ಎಷ್ಟು ಎಂದು ನಾನು ಹೇಳಬೇಕು. ಯಾರ ಕಡೆ ಕಾಯಿ ಕೀಳುವವರು ಸಿಗುತ್ತಿಲ್ಲ, ಯಾರ ಲಾರಿ ಕೆಟ್ಟಿದೆ, ಯಾರು ಸಣ್ಣ ಕಾಯಿ ಸೇರಿಸುತ್ತಾರೆ, ಎಲ್ಲವೂ ತಲೆಯಲ್ಲೇ ಇರುತ್ತಿತ್ತು. ಮೈಸೂರಿನಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದವಳಿಗೆ ಇದು ದೊಡ್ಡ ಕೆಲಸವಲ್ಲ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಮೂರು ಊರಿನ ಗಂಡಸರು ನನ್ನ ಒಂದು ಮಾತಿಗೆ ಕಾಯುವ ಆ ಬೆಳಗಿನ ಅರ್ಧ ಗಂಟೆಯನ್ನು ನಾನು ಯಾವ ಕಾಲೇಜಿನ ಲೆಕ್ಚರರ್ ಕೆಲಸಕ್ಕೂ ಬಿಟ್ಟುಕೊಡುತ್ತಿರಲಿಲ್ಲವೇನೋ.

ಆ ಕೋಣೆಯಲ್ಲಿ ಆಮೇಲೆ ಕೂತ ನನ್ನ ಗೆಳತಿಯನ್ನು ಫ್ಯಾಕ್ಟರಿಗೆ ಸೇರಿಸಿದವಳು ನಾನೇ. ಇದರಲ್ಲಿ ಅನುಮಾನವಿಲ್ಲ, ಏಕೆಂದರೆ ಇದನ್ನು ಎಲ್ಲರೆದುರು ಅವಳೇ ಹೇಳುತ್ತಿದ್ದಳು. ಬಿ.ಎ.ಯಲ್ಲಿ ನಮ್ಮದು ಒಂದೇ ಬೆಂಚು. ನಾನು ಮೈಸೂರಿಗೆ ಹೋದೆ; ಅವಳು ಮದುವೆಯಾಗಿ ತಿಪಟೂರಿನಲ್ಲೇ ಉಳಿದಳು. ಮಗಳು ಶಾಲೆಗೆ ಸೇರಿದ ಮೇಲೆ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿದ್ದ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡಳು. ಬಿಲ್ ಟೈಪ್ ಮಾಡಲು ಒಬ್ಬರು ಬೇಕು ಎಂದು ಯಜಮಾನರು ಕೇಳಿದಾಗ ಅವಳ ಹೆಸರು ಹೇಳಿದೆ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಅವಳ ಹುರಳಿಕಾಳು ಬಸ್ಸಾರು ನನಗೆ, ನನ್ನ ಚಿತ್ರಾನ್ನ ಅವಳಿಗೆ.

ಹೊಟ್ಟೆಕಿಚ್ಚು ಯಾವತ್ತು ಶುರುವಾಯಿತು ಎಂದು ಹುಡುಕಿದರೆ ಸಿಗುವುದು ಒಂದು ಸಣ್ಣ ಸಂಗತಿ. ನಾನು ಎರಡು ದಿನ ಜ್ವರದಲ್ಲಿ ಮಲಗಿದ್ದೆ, ಫೋನು ಅವಳು ಎತ್ತಿಕೊಂಡಿದ್ದಳು. ಮೂರನೆಯ ದಿನ ನಾನು ಎತ್ತಿದಾಗ ಹುಳಿಯಾರಿನ ಏಜೆಂಟರು, "ಆ ಇನ್ನೊಬ್ರು ಯವ್ವ ಇಲ್ವಾ?" ಎಂದರು. ಯಾಕೆ ಎಂದೆ. "ಮಂಡಿನೋವಿಗೆ ಅದೇನೋ ಸೊಪ್ಪಿನ ಹೆಸ್ರು ಹೇಳಿದ್ರು, ಮರ್ತೋಯ್ತು." ಆರು ವರ್ಷ ದಿನಾ ಮಾತಾಡಿದ್ದ ನನಗೆ ಆತನಿಗೆ ಮಂಡಿನೋವಿದೆ ಎಂದೇ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ. ಆದರೂ ನನ್ನದೇನನ್ನೋ ಅವಳು ತೆಗೆದುಕೊಂಡಳು ಎನಿಸಿತು.

ಎರಡು ಸಾವಿರ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ಪುಡಿ ಕೊಳ್ಳುವ ದೊಡ್ಡ ಕಂಪನಿಯವರು ಮುಂದಿನ ವಾರಗಳ ಪ್ಲಾನು ಕೊಡಿ ಎಂದು ಪಟ್ಟು ಹಿಡಿದದ್ದಕ್ಕೆ ಯಜಮಾನರು ಒಂದು ಸಾಫ್ಟ್‌ವೇರ್ ಕೊಂಡರು. ಕಲಿಸಲು ಬೆಂಗಳೂರಿನಿಂದ ಒಬ್ಬ ಯುವಕ ಬಂದ. ಯಾವ ಮಾಲು ಎಲ್ಲಿಂದ ಬರಬೇಕು ಎಂದು ಮೊದಲೇ ಬರೆದಿಟ್ಟುಬಿಟ್ಟರೆ ಮುಂದೆ ಯಾರೂ ಫೋನಿನಲ್ಲಿ ಹಂಚಬೇಕಾಗಿಲ್ಲ, ಕಂಪ್ಯೂಟರೇ ಹಂಚುತ್ತದೆ ಎಂದ. ಅದಕ್ಕೆ ಸೋರ್ಸಿಂಗ್ ರೂಲ್ ಎಂದು ಹೆಸರು. ಅದರಲ್ಲಿ ಎರಡು ಅಂಕಣ. ಒಂದು ರ್‍ಯಾಂಕು: ಮೊದಲು ಯಾರನ್ನು ಕೇಳಬೇಕು, ಅವರ ಕೈಯಲ್ಲಾಗದಿದ್ದರೆ ಆಮೇಲೆ ಯಾರನ್ನು ಎಂಬುದು. ಇನ್ನೊಂದು ಕೋಟಾ: ಒಂದೇ ರ್‍ಯಾಂಕಿನಲ್ಲಿ ಹಲವರಿದ್ದರೆ ಯಾರಿಗೆ ನೂರಕ್ಕೆ ಎಷ್ಟು ಎಂಬುದು.

"ಇಬ್ರೂ ಒಂದೊಂದು ಮಾಡಿ ತೋರ್ಸಿ" ಎಂದರು ಯಜಮಾನರು. "ಯಾರ್ದು ಸರಿಯಾಗಿರುತ್ತೋ ಅವ್ರು ಇನ್ಮೇಲೆ ಪ್ಲಾನಿಂಗ್ ನೋಡ್ಕೊಳ್ಳಿ. ಪಕ್ಕದ ರೂಮು ಅವರಿಗೆ."

ಆ ಮಾತು ಕೇಳಿದಾಗ ನನಗೆ ನಗು ಬಂತು ಎಂದು ನೆನಪು. ಇದರಲ್ಲಿ ಪೈಪೋಟಿ ಏನು ಬಂತು? ಯಾರಿಗೆ ಎಷ್ಟು ಎಂದು ಇಷ್ಟು ವರ್ಷ ಹಂಚಿದವಳು ನಾನು. ಅವಳಿಗೆ ಕೀಬೋರ್ಡು ಗೊತ್ತು, ನನಗೆ ಕಾಯಿ ಗೊತ್ತು. ಆದರೆ ಆ ವಾರ ಅವಳ ಬೆರಳು ಕೀಬೋರ್ಡಿನ ಮೇಲೆ ಓಡುವುದನ್ನು ನೋಡುತ್ತಾ ನಾನು ಚಿತ್ರಾನ್ನ ತಿನ್ನುವುದನ್ನೇ ಮರೆಯುತ್ತಿದ್ದೆ. ಪಾಠ ಹೇಳಲು ಬಂದ ಯುವಕ ನನಗೆ ಹೇಳಿಕೊಡುವಾಗ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅವಳಿಗೆ ಹೇಳುವಾಗ ಅರ್ಧ ವಾಕ್ಯಕ್ಕೇ ನಿಲ್ಲಿಸುತ್ತಿದ್ದ, ಉಳಿದರ್ಧ ಅವಳೇ ಹೇಳುತ್ತಿದ್ದಳು. ಆ ನಿಲ್ಲಿಸುವಿಕೆ ನನಗೆ ಬೇಕಾಗಿತ್ತು.

ತೋರಿಸುವ ದಿನಕ್ಕೆ ಯಜಮಾನರು ಮೂವರು ಏಜೆಂಟರನ್ನೂ ಕರೆಸಿದರು. ಹೊಸ ಟ್ರ್ಯಾಕ್ಟರ್ ತಂದವರು ನೆಂಟರನ್ನು ಕರೆದು ತೋರಿಸುತ್ತಾರಲ್ಲ, ಹಾಗೆ. ತುರುವೇಕೆರೆಯವರು ಎಲ್ಲರಿಗಿಂತ ಹಿರಿಯರು, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಚಿಕ್ಕನಾಯಕನಹಳ್ಳಿಯವರು ಪೇಟೆಯಲ್ಲಿ ದಿನಸಿ ಅಂಗಡಿಯನ್ನೂ ಇಟ್ಟಿದ್ದವರು, ಬಾಯಿ ಸುಮ್ಮನಿರದು. ಹುಳಿಯಾರಿನವರು ಕುರಿ ಸಾಕುವ ಹಟ್ಟಿಯಿಂದ ಬಂದು ಕಾಯಿ ವ್ಯಾಪಾರಕ್ಕೆ ಇಳಿದವರು. ಆಫೀಸಿನ ಒಳಗೂ ಹೆಗಲ ಮೇಲೆ ಕಂಬಳಿ.

ಮೊದಲು ನನ್ನದು. ಯಾರು ಕೈ ಕೊಡುವುದು ಕಡಿಮೆಯೋ ಆ ಪ್ರಕಾರ ಸಾಲು ಮಾಡಿದ್ದೆ. ತುರುವೇಕೆರೆ ಒಂದು, ಚಿಕ್ಕನಾಯಕನಹಳ್ಳಿ ಎರಡು, ಹುಳಿಯಾರು ಮೂರು. ಪರದೆಯ ಮೇಲೆ ಊರಿನ ಹೆಸರು ಬಂದಾಗ ಮೂವರೂ ಮುಂದೆ ಬಾಗಿದರು. ಆಮೇಲೆ ಪಕ್ಕದ ಅಂಕಿಯನ್ನು ಓದಿದರು.

"ಯವ್ವಾ, ಈ ಮೂರು ಅಂತ ಐತಲ್ಲ, ಅದು ನಾನಾ?" ಎಂದರು ಹುಳಿಯಾರಿನವರು.

ನಾನು ಹೌದು ಎಂದೆ.

"ಮೂರ್ನೇ ವೀಳ್ಯ ನಮ್ಮ ಹಟ್ಟೀಲಿ ಬೀಗ್ರನ್ನ ಕರ್ಕೊಂಡ್ ಬಂದ ಡ್ರೈವರಿಗೆ ಕೊಡ್ತೀವಿ ಕಣವ್ವ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಲ್ಲಾಗಲಿ ಪಂಚಾಯ್ತಿಯಲ್ಲಾಗಲಿ ವೀಳ್ಯ ಕೊಡುವಾಗ ಯಾರ ಮನೆಯ ಹೆಸರನ್ನು ಮೊದಲು ಕೂಗಿದರು ಎಂಬುದರ ಮೇಲೆ ಚಪ್ಪರದ ಕಂಬವನ್ನೇ ಕೀಳುವಷ್ಟು ಜಗಳವಾದದ್ದನ್ನು ನಾನೇ ನೋಡಿದ್ದೇನೆ. ಆದರೂ ಕಂಪ್ಯೂಟರಿನ ಅಂಕಿಯಲ್ಲಿ ವೀಳ್ಯ ಕಾಣುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

"ಎರಡ್ನೇದೇನು ಅಂಥಾ ಚೆಂದ ಬುಡಣ್ಣ" ಎಂದರು ಚಿಕ್ಕನಾಯಕನಹಳ್ಳಿಯವರು. "ಮೊದಲ್ನೆಯವ್ರಿಗೆ ಹೊಟ್ಟೆನೋವು ಬಂದ್ರೆ ನನ್ನ ಕರೀತಾರಂತೆ. ನಾನೇನು ಸ್ಟೆಪ್ನಿ ಟೈರಾ?"

"ಇದು ಮರ್ಯಾದೆ ವಿಷ್ಯ ಅಲ್ಲ ರೀ" ಎಂದೆ. "ಕಂಪ್ಯೂಟರಿಗೆ ಹೇಳೋ ಸಾಲು, ಅಷ್ಟೆ."

"ಸಾಲು ಅಂದ್ಮೇಲೆ ಮುಂದೊಬ್ಬ ಹಿಂದೊಬ್ಬ ಇದ್ದೇ ಇರ್ತಾನಲ್ಲ ತಾಯಿ" ಎಂದರು ತುರುವೇಕೆರೆಯ ಹಿರಿಯರು. ಮೊದಲನೆಯ ಜಾಗ ಸಿಕ್ಕ ಖುಷಿ ಮೀಸೆಯ ತುದಿಯಲ್ಲಿ ಕಾಣುತ್ತಿದ್ದರೂ ಉಳಿದಿಬ್ಬರ ಎದುರಿಗೆ ಅದನ್ನು ಒಪ್ಪಿಕೊಳ್ಳಲು ಅವರಿಂದಾಗಲಿಲ್ಲ. "ಎಷ್ಟು ಬಡಿಸ್ತೀರಿ ಅನ್ನೋದು ಬೇರೆ. ಯಾರ ಎಲೆಗೆ ಮೊದ್ಲು ಅನ್ನೋದು ಬೇರೆ."

ಅವಳು ಆಗ ಎದ್ದಳು. ಅವಸರವಿಲ್ಲ, ಗೆದ್ದ ಮುಖವೂ ಇಲ್ಲ. ನನ್ನ ಪಕ್ಕಕ್ಕೆ ಬಂದು ತನ್ನದನ್ನು ತೆರೆದಳು. "ಅಣ್ಣಾ, ಇದನ್ನ ನೋಡಿ. ಒಂದು, ಒಂದು, ಒಂದು."

ಮೂವರಿಗೂ ಅವಳು ಮೊದಲನೆಯ ರ್‍ಯಾಂಕು ಕೊಟ್ಟಿದ್ದಳು. ಕೋಟಾ ಮಾತ್ರ ಬೇರೆ ಬೇರೆ: ನಲವತ್ತು, ಮೂವತ್ತೈದು, ಇಪ್ಪತ್ತೈದು. ಇದಕ್ಕೆ ಯಾರೂ ಕೆರಳಲಿಲ್ಲ. ಹುಳಿಯಾರಿನ ಕಡೆ ತೋಟ ಕಡಿಮೆ ಎಂದು ಹುಳಿಯಾರಿನವರಿಗೇ ಗೊತ್ತು. ಆತ ತೋರುಬೆರಳನ್ನು ಪರದೆಗೆ ಒತ್ತಿ, ತನ್ನ ಊರಿನ ಮುಂದಿದ್ದ ಒಂದನ್ನು ಮುಟ್ಟಿ ನೋಡಿದರು. ಆಮೇಲೆ ಅವಳು ತಟ್ಟೆಯಲ್ಲಿ ಎಲೆ ಅಡಿಕೆ ತಂದಳು. ತಟ್ಟೆಯನ್ನು ಯಾರ ಮುಂದೆಯೂ ಹಿಡಿಯಲಿಲ್ಲ, ಮೇಜಿನ ನಡುವೆ ಇಟ್ಟಳು. ಮೂರು ಕೈಗಳು ಒಟ್ಟಿಗೆ ಹೋದವು.

"ಮೂರು ಜನಕ್ಕೂ ಮೊದಲ್ನೇ ವೀಳ್ಯ!" ಎಂದರು ಚಿಕ್ಕನಾಯಕನಹಳ್ಳಿಯವರು. "ಹಿಂಗೆ ಮಾಡಾಕೆ ನಮ್ಮೂರ ಗೌಡ್ರಿಗೂ ಬರ್ನಿಲ್ಲ."

ಎಲ್ಲರೂ ನಕ್ಕರು. ಅವಳ ರೂಲಿನಲ್ಲಿ ಒಂದು ತಪ್ಪಿತ್ತು, ಅದು ನನಗೆ ಕಾಣುತ್ತಿತ್ತು. ತಪ್ಪು ಕಂಡದ್ದರಿಂದ ಹೇಳಿದೆನೋ, ಅವಳದಾದ್ದರಿಂದ ತಪ್ಪು ಕಂಡಿತೋ, ಈ ಪ್ರಶ್ನೆಯನ್ನು ಈಗ ಕೇಳಿಕೊಳ್ಳುತ್ತೇನೆ. ಅಂದು ಕೇಳಿಕೊಳ್ಳಲಿಲ್ಲ.

"ಮೂವರೂ ಒಂದೇ ಆದ್ರೆ ಹಿಂದೆ ಯಾರೂ ಇರಲ್ಲ" ಎಂದೆ. "ಒಬ್ರಿಂದ ಕಾಯಿ ಬರದಿದ್ರೆ ಅವರ ಪಾಲು ಇನ್ನೊಬ್ರಿಗೆ ಹೋಗಲ್ಲ. ಹಂಗೇ ಖಾಲಿ ಬಿದ್ದಿರುತ್ತೆ."

ನಗು ನಿಂತಿತು. ತುರುವೇಕೆರೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿದರು. "ಅಂದ್ರೆ ನಮ್ಮಲ್ಲಿ ಯಾರೋ ಒಬ್ರು ಕೈ ಕೊಡ್ತಾರೆ ಅಂತಲಾ ತಾಯಿ?"

"ನೀನು ಓದಿದ್ದು ಜಾಸ್ತಿ ಆಯ್ತು ಕಣಮ್ಮ" ಎಂದು ಯಜಮಾನರು ನಕ್ಕರು. ಅವಳು ಮೇಜಿನ ಕೆಳಗೆ ನನ್ನ ಕೈ ಹಿಚುಕಿ, "ಆಮೇಲ್ ನೋಡಾಣ ಬುಡೇ" ಎಂದಳು. ಕೈ ಎಳೆದುಕೊಂಡೆ.

ಅವಳ ರೂಲೇ ಜಾರಿಗೆ ಬಂತು. ಕೋಣೆಯ ವಿಚಾರವನ್ನು ಮಾತ್ರ ಯಜಮಾನರು ಸ್ವಲ್ಪ ದಿನ ನೋಡೋಣ ಎಂದು ಇಟ್ಟುಕೊಂಡರು. ಆ ಸ್ವಲ್ಪ ದಿನ ನಾನು ಕಾದದ್ದು ಒಂದಕ್ಕೇ: ಯಾರಾದರೂ ಒಬ್ಬರು ಕೈ ಕೊಡಲಿ. ಬೆಳಗಿನ ಫೋನು ಈಗ ವಿರಳವಾಗಿತ್ತು. ಯಾರಿಗೆ ಎಷ್ಟು ಎಂಬುದು ಕಾಗದದಲ್ಲಿ ಅಚ್ಚಾಗಿ ಫ್ಯಾಕ್ಸಿನಲ್ಲಿ ಹೋಗುತ್ತಿತ್ತು. ಫೋನು ಬಂದರೂ ಅವಳನ್ನು ಕೇಳಿಕೊಂಡು ಬರುತ್ತಿತ್ತು.

ಕೈ ಕೊಟ್ಟದ್ದು ಹುಳಿಯಾರು. ಅವರ ಅಣ್ಣ ತೀರಿಕೊಂಡರು. ಅವರಲ್ಲಿ ಕಾಯಿ ಸುಲಿಯುವವರು, ಲೋಡು ಮಾಡುವವರು, ಲಾರಿ ಓಡಿಸುವವರು ಎಲ್ಲರೂ ಒಂದೇ ಹಟ್ಟಿಯ ದಾಯಾದಿಗಳು. ತಿಥಿ ಮುಗಿಯುವವರೆಗೆ ಒಬ್ಬರೂ ಕಾಯಿ ಮುಟ್ಟುವುದಿಲ್ಲ. ಅವಳು ಕಂಪ್ಯೂಟರಿನಲ್ಲಿ ಹುಳಿಯಾರಿಗೆ ಸೊನ್ನೆ ಹಾಕಿದಳು. ಕಂಪ್ಯೂಟರು ಇಪ್ಪತ್ತೈದರ ಜಾಗವನ್ನು ಕೆಂಪಗೆ ತೋರಿಸಿತು. ಉಳಿದಿಬ್ಬರಿಗೆ ಒಂದು ಕಾಯಿಯನ್ನೂ ಹೆಚ್ಚಿಗೆ ಹೇಳಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಚಿಪ್ಪು ಬಿಡಿಸುವ ಹೆಂಗಸರು ಕತ್ತಿ ಕೆಳಗಿಟ್ಟು ನೆರಳಿಗೆ ಹೋಗಿ ಕುಳಿತರು.

ನಾನು ಸಂತೋಷಪಟ್ಟೆ. ಒಬ್ಬರ ಸಾವಿನಿಂದ ಬಂದ ಸಂತೋಷ ಎಂಬುದು ಆಗಲೇ ಚುಚ್ಚಿತೋ, ಇದನ್ನು ಬರೆಯುವಾಗ ಚುಚ್ಚುತ್ತಿದೆಯೋ ಹೇಳಲಾರೆ.

ಅವಳು ಬೆವರುತ್ತಾ ಉಳಿದಿಬ್ಬರಿಗೂ ಫೋನು ಮಾಡಿದಳು. "ಅಣ್ಣಾ, ಹುಳಿಯಾರಿನ್ದು ಬಂದಿಲ್ಲ, ಸ್ವಲ್ಪ ನೋಡಿ." ಎಷ್ಟು ಎಂದು ಹೇಳಲಿಲ್ಲ, ಅಥವಾ ಹೇಳಿದ್ದನ್ನು ಅವರು ಕೇಳಲಿಲ್ಲ. ಕೊರತೆಯಾಗಿದ್ದಷ್ಟನ್ನೂ ತುರುವೇಕೆರೆಯವರು ಒಬ್ಬರೇ ಕಳಿಸಿದರು. ಚಿಕ್ಕನಾಯಕನಹಳ್ಳಿಯವರೂ ಅಷ್ಟನ್ನೇ, ಅದರ ಮೇಲೆ ಇನ್ನೂ ಒಂದು ಲಾರಿ ಸೇರಿಸಿ ಕಳಿಸಿದರು. ಇಬ್ಬರೂ ಮೊದಲನೆಯವರಾದಾಗ ನಿಜವಾದ ಮೊದಲನೆಯವರು ಯಾರು ಎಂದು ತೋರಿಸುವ ಹಟ. ಅಂಗಳ ತುಂಬಿ ಲಾರಿಗಳು ರಸ್ತೆಯವರೆಗೆ ನಿಂತವು. ಹಿಂದಿನ ಬಾಗಿಲು ಬಿಚ್ಚಿದ ಒಂದು ಲಾರಿಯಿಂದ ಕಾಯಿ ರಸ್ತೆಗೆ ಉರುಳಿ, ತಡೆದು ನಿಂತ ಬಸ್ಸಿನವರೆಲ್ಲ ಇಳಿದು ನೋಡುವಂತಾಯಿತು. ಕಂಡಕ್ಟರ್ ಎರಡು ಕಾಯಿ ಕಂಕುಳಲ್ಲಿಟ್ಟುಕೊಂಡು, "ರೈಟ್, ರೈಟ್" ಎಂದ.

ಯಜಮಾನರು ಮೆಟ್ಟಿಲ ಮೇಲೆ ನಿಂತು ಕೂಗಾಡಿದರು. ನಾವಿಬ್ಬರೂ ಕಂಪ್ಯೂಟರಿನ ಮುಂದೆ ನಿಂತಿದ್ದೆವು. ಇಲ್ಲಿಂದ ಮುಂದಿನದನ್ನು ನಾನು ನೂರಾರು ಸಲ ನೆನೆದಿದ್ದೇನೆ. ನೆನೆದಷ್ಟೂ ಅದು ನುಣ್ಣಗಾಗಿದೆ, ಹಾಗಾಗಿ ನಂಬಿಕೆ ಬರುವುದಿಲ್ಲ.

ಎರಡನೆಯ ರ್‍ಯಾಂಕಿಗೆ ಯಾರನ್ನಾದರೂ ಹಾಕಲೇಬೇಕಿತ್ತು. ಯಾರನ್ನು ಹಾಕಿದರೂ ಅವಮಾನ. ಆಗ ಒಂದು ಮಾತು ಬಂತು: ಎರಡನೆಯದು ಮನುಷ್ಯರೇ ಯಾಕಾಗಬೇಕು? ತಿಪಟೂರಿನ ಕಾಯಿ ಮಂಡಿಯನ್ನು ಹಾಕಿದರಾಯಿತಲ್ಲ. ಮೂವರು ಏಜೆಂಟರೂ ಒಂದರಲ್ಲೇ ಇರಲಿ. ಯಾರಾದರೂ ಒಬ್ಬರು ಬಿಟ್ಟುಹೋದರೆ ಅವರ ಪಾಲನ್ನು ಅಂದಿನ ಬೆಲೆಗೆ ಮಂಡಿಯಿಂದ ತರುವುದು. ಮಂಡಿಗೆ ಮಾನವೂ ಇಲ್ಲ ಅವಮಾನವೂ ಇಲ್ಲ.

ಈ ಮಾತನ್ನು ಹೇಳಿದವಳು ನಾನು. ನನ್ನ ಬಾಯಿಂದ ಅದು ಹೊರಟದ್ದು, ಅವಳು ನನ್ನತ್ತ ತಿರುಗಿದ್ದು, ಅವಳ ಕಿವಿಯ ಓಲೆ ಅಲುಗಿದ್ದು ನನಗೆ ಕಾಣುತ್ತದೆ. ಅಷ್ಟರಲ್ಲಿ ಗೇಟಿನಲ್ಲಿ ಡ್ರೈವರುಗಳ ಜಗಳ ಎದ್ದು ನಾನು ಹೊರಗೆ ಓಡಿದೆ. ಹಿಂದಿರುಗಿದಾಗ ಅವಳು ಯಜಮಾನರ ಕೋಣೆಯಲ್ಲಿದ್ದಳು, ಅವರು "ಭೇಷ್ ಕಣಮ್ಮ" ಎನ್ನುತ್ತಿದ್ದರು. ಅವಳು ನನ್ನನ್ನು ಕಂಡು, "ನಾವು ಮಾತಾಡ್ಕೊಂಡ್ವಿ ಸಾರ್" ಎಂದಳು. ಅಥವಾ ಆ 'ನಾವು' ಇರಲಿಲ್ಲ. ಕೆಲವು ಸಲ ಇರುತ್ತದೆ, ಕೆಲವು ಸಲ ಇರುವುದಿಲ್ಲ.

ಅಂದು ಸಂಜೆ ನಾನು ಡೈರಿ ಬರೆದಿದ್ದೇನೆ. ಮೊನ್ನೆ ತೆಗೆದು ನೋಡಿದೆ. ಮಂಡಿಯ ಮಾತೇ ಅದರಲ್ಲಿಲ್ಲ. ಅವಳು ಉಟ್ಟಿದ್ದ ಸೀರೆಯ ಬಣ್ಣ, ಯಜಮಾನರು ಅವಳಿಗೆ ತಮ್ಮ ಕೈಯಾರೆ ಕುರ್ಚಿ ಎಳೆದುಕೊಟ್ಟದ್ದು, ಇದೇ ಒಂದು ಪುಟ. ನನ್ನ ಬಾಯಿಂದ ಅಂಥ ಮಾತು ಬಂದಿದ್ದರೆ ಅದನ್ನು ಬರೆಯದೆ ಸೀರೆಯ ಬಗ್ಗೆ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ ಎಂದೇ ತೋರುತ್ತದೆ. ಹೊಟ್ಟೆ ಉರಿಯುವಾಗ ನಮ್ಮದು ಕಾಣುವುದಿಲ್ಲ, ಅವರದೇ ಕಾಣುತ್ತದೆ.

ಕೋಣೆ ಅವಳಿಗಾಯಿತು. ಮರುದಿನವೂ ಮಧ್ಯಾಹ್ನ ಅವಳು ಡಬ್ಬಿ ಹಿಡಿದು ನನ್ನ ಮೇಜಿಗೇ ಬಂದಳು. ನನ್ನ ಊಟ ಆಗಲೇ ಆಯಿತು ಎಂದೆ.

"ಕಾಯಬಾರ್ದೇನೇ?"

"ಹಸಿವಾಗಿತ್ತು."

"ಸುಳ್ಳು ಹೇಳ್ಬೇಡ, ನಿನ್ ಡಬ್ಬಿ ತುಂಬಾ ಇದೆ."

ನಾನು ಕೇಳಿಯೇಬಿಟ್ಟೆ. "ಮಂಡಿ ಹಾಕಾಣ ಅಂದಿದ್ದು ನಾನು ಕಣೇ."

ಅವಳು ತುತ್ತು ಬಾಯಿಗಿಡುತ್ತಿದ್ದವಳು ನಿಲ್ಲಿಸಿದಳು. ನಾಟಕವೆನಿಸಲಿಲ್ಲ. "ನೀನಾ? ನೀನು ಲಾರಿ ಹತ್ರ ಹೋಗಿದ್ಯಲ್ಲೇ. ನೀನು ಹೋದ್ಮೇಲೆ ಹೊಳೀತು ನಂಗೆ." ಆಮೇಲೆ ನನ್ನ ಮುಖ ನೋಡಿ, "ಬೇಕಾದ್ರೆ ನೀನೇ ಹೇಳಿದ್ದು ಅಂತ ಸಾರ್‌ಗೆ ಹೇಳ್ತೀನಿ ಬುಡು, ಅದಕ್ಕೇನಂತೆ" ಎಂದಳು.

ಅವಳು ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಪ್ರಾಣದಷ್ಟಾದದ್ದು ಅವಳಿಗೆ 'ಅದಕ್ಕೇನಂತೆ' ಆಗಿತ್ತು. ಹೇಳುವುದು ಬೇಡ ಎಂದೆ. ಅವಳು ಹೇಳಲೂ ಇಲ್ಲ. ಅವಳು ಆ ಕೋಣೆಯಲ್ಲಿದ್ದಷ್ಟು ಕಾಲವೂ ಕೆಲಸವಿದ್ದರೆ ಬಾಗಿಲಲ್ಲಿ ನಿಂತೇ ಮಾತಾಡಿ ಬರುತ್ತಿದ್ದೆ. "ಒಳಗೆ ಬಾರೇ, ಕೂತ್ಕೊ" ಎಂದು ಪ್ರತಿ ಸಲ ಹೇಳುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅವಳ ಗಂಡನಿಗೆ ಹಾಸನಕ್ಕೆ ವರ್ಗವಾಯಿತು. ಆಫೀಸು ಅಷ್ಟರಲ್ಲಿ ಹೊಸ ಕಟ್ಟಡಕ್ಕೆ ಬಂದಿತ್ತು. ಹಳೆಯ ಕೋಣೆಯಲ್ಲಿ ಖಾಲಿ ಚೀಲ ತುಂಬಿದ್ದರು. ಪ್ಲಾನಿಂಗ್ ಕೆಲಸ ನನಗೆ ಬಂತು, ಯಾರೂ ಪೈಪೋಟಿಗಿಲ್ಲದೆ. ಮೊದಲ ದಿನ ಸೋರ್ಸಿಂಗ್ ರೂಲ್ ತೆರೆದೆ. ಒಂದು, ಒಂದು, ಒಂದು. ಕೆಳಗೆ ಎರಡರಲ್ಲಿ ಮಂಡಿ. ಬೇಕೆಂದರೆ ಬದಲಾಯಿಸಬಹುದಿತ್ತು. ಬದಲಾಯಿಸುವಂಥದ್ದು ಏನೂ ಇರಲಿಲ್ಲ. ಅದನ್ನು ಕಂಡುಹಿಡಿದವಳು ನಾನೇ ಎಂದು ಅಂದುಕೊಂಡು ನೋಡಿದೆ, ಪರಕೀಯವೆನಿಸಿತು. ಅವಳು ಎಂದುಕೊಂಡು ನೋಡಿದೆ; ಹೊಟ್ಟೆ ಉರಿಯಿತು. ಆ ಉರಿಯನ್ನೇ ಸಾಕ್ಷಿಯೆಂದು ಹಿಡಿಯಬಹುದೇ ಎಂದು ಯೋಚಿಸಿದ್ದೇನೆ. ನನ್ನದಾಗಿದ್ದರೆ ಇಷ್ಟು ಉರಿಯಬೇಕಾಗಿರಲಿಲ್ಲ. ಅಥವಾ ನನ್ನದಾಗಿದ್ದರಿಂದಲೇ ಇಷ್ಟು ಉರಿಯುತ್ತಿರಬಹುದು.

ಅಂದು ಫೋನು ಬಂತು. ಹುಳಿಯಾರಿನವರು. ನಾನೇ ಇನ್ನು ಮುಂದೆ ನೋಡಿಕೊಳ್ಳುವುದು ಎಂದೆ.

"ಒಳ್ಳೇದಾಯ್ತು ಕಣವ್ವ" ಎಂದರು. "ಆ ಯವ್ವ ಹೆಂಗವ್ರೆ?"

"ಚೆನ್ನಾಗಿದಾರೆ" ಎಂದೆ. ಅವಳು ಹಾಸನಕ್ಕೆ ಹೋದ ಮೇಲೆ ನಾನು ಒಂದು ಸಲವೂ ಫೋನು ಮಾಡಿರಲಿಲ್ಲ.

"ಕೇಳ್ದೆ ಅಂತ ಹೇಳಿ ಮತ್ತೆ."

"ಹೇಳ್ತೀನಿ. ನಿಮ್ಮ ಮಂಡಿನೋವು ಹೇಗಿದೆ?"

"ಅದು ವಾಸಿಯಾಗಿ ಯಾವ್ದೋ ಕಾಲ ಆಯ್ತಲ್ಲವ್ವ" ಎಂದರು, ಆಮೇಲೆ ಅಂದಿನ ಲೋಡಿನ ವಿಷಯಕ್ಕೆ ಬಂದರು.